ಖಾಲಿಯಾದ ಇಂಗಿನ ಡಬ್ಬಿ

ಇಂಗು ಮುಗಿದು ತಿಂಗಳಾದರೂ ಡಬ್ಬಿಯ ವಾಸನೆ ಹೋಗಿರಲಿಲ್ಲ. ಹೊನ್ನಜ್ಜಿ ಪ್ರತಿ ಸಂತೆಗೂ ಮುಂಚೆ ಅದನ್ನು ತೆರೆಯದೆಯೇ ಮೂಸಿ, "ಇನ್ನೂ ಇದೆ" ಎಂದು ಇಟ್ಟುಬಿಡುತ್ತಿದ್ದಳು.

"ಮುಚ್ಚಳ ಸಡಿಲಿಸು, ಅಜ್ಜಿಗೆ ನಿಜ ತಿಳಿಯಲಿ," ಎಂದಿತು ಪಕ್ಕದ ಓಮದ ಪೊಟ್ಟಣ.

"ಹೊಟ್ಟೆನೋವು ನನ್ನ ವಾಸನೆಗೇ ಓಡುತ್ತದೆ. ನಿನ್ನ ಬುದ್ಧಿಮಾತು ಬೇಡ," ಎಂದು ಡಬ್ಬಿ ಮುಚ್ಚಳವನ್ನು ಬಿಗಿಹಿಡಿಯಿತು.

ಮರುದಿನ ಮೊಮ್ಮಗಳು ಹೊಟ್ಟೆ ಉಬ್ಬರಿಸಿ ವಾಕರಿಸತೊಡಗಿದಳು. ಮಜ್ಜಿಗೆಗೆ ಇಂಗು ಕದಡಲು ಅಜ್ಜಿ ಡಬ್ಬಿ ತೆರೆದಳು. ಚಮಚ ತಳ ಕೆರೆಯಿತು, ಚಿಟಿಕೆಯೂ ಸಿಗಲಿಲ್ಲ. ಕೊನೆಗೆ ಓಮವನ್ನು ಉಪ್ಪಿನೊಂದಿಗೆ ಅಗಿಯಲು ಕೊಟ್ಟಾಗ ಮಗುವಿಗೆ ತೇಗು ಬಂತು, ನರಳಾಟ ನಿಂತಿತು.

ಅಜ್ಜಿ ಡಬ್ಬಿಯನ್ನು ಬೈಯಲಿಲ್ಲ. "ವಯಸ್ಸಾಯಿತು, ನನ್ನ ಮೂಗೇ ಕೆಟ್ಟಿದೆ," ಎಂದು ತನ್ನನ್ನೇ ಹಳಿದುಕೊಂಡಳು. ಬೈದಿದ್ದರೇ ವಾಸಿಯಿತ್ತೆಂದು ಡಬ್ಬಿ ನಾಚಿ ಮುದುಡಿತು. ಅದರ ವಾಸನೆ ಮಾತ್ರ ಹೋಗಲೇ ಇಲ್ಲ.