ಸ್ವರದ ಡಬ್ಬಿಯೂ ತಡೆಯುವ ಡಬ್ಬಿಯೂ

ಹಾಡುಗಾರ್ತಿ ಸುಭಾಷಿಣಿಯ ಮೇಜಿನ ಮೇಲೆ, ಬಿಡಿ ಡಬ್ಬಿಗಳನ್ನು ತಂತಿಯಿಂದ ಜೋಡಿಸಿ ನುಡಿಸುವ ಸಿಂಥಸೈಜರ್ ಒಂದಿತ್ತು. ಅದರಲ್ಲಿ ಸ್ವರ ಹುಟ್ಟಿಸುವ ಡಬ್ಬಿಗೆ ತನ್ನ ಗಂಟಲಿನ ಬಗ್ಗೆ ಬಲು ಹೆಮ್ಮೆ. ಅದರ ತಂತಿ ನೇರವಾಗಿ ಸ್ಪೀಕರಿಗೇ ಹೋಗಿತ್ತು. ಸುಭಾಷಿಣಿಯ ಬೆರಳು ಕೀಲಿಗಳನ್ನು ಮೆಲ್ಲಗೆ ಸೋಕಿದರೂ ಬಲವಾಗಿ ಒತ್ತಿದರೂ ಅದು ಒಂದೇ ಸಮನೆ ಕೂಗುತ್ತಿತ್ತು.

"ಇದು ಹೀಗೆ ಕಿರುಚ್ತಾ ಇದ್ರೆ ನಾನು ಹಾಡೋದು ಹೇಗೆ? ನಾಳೆ ಬಿಚ್ಚಿಟ್ಟುಬಿಡ್ತೀನಿ" ಎಂದು ಅವಳು ಎದ್ದು ಹೋದಳು.

ಸ್ವರದ ಡಬ್ಬಿಗೆ ಭಯವಾಯಿತು. ಪಕ್ಕದಲ್ಲಿ ಕೆಲಸವಿಲ್ಲದೆ ಕುಳಿತಿದ್ದ ಪುಟ್ಟ ಡಬ್ಬಿಯನ್ನು ಕೇಳಿತು: "ತಮ್ಮಾ, ಇನ್ನೂ ಚೆನ್ನಾಗಿ ಕೂಗಿದರೆ ಅವಳು ನನ್ನನ್ನು ಬಿಚ್ಚಲಾರಳು. ನನಗೆ ಇನ್ನಷ್ಟು ದನಿ ಕೊಡುವೆಯಾ?"

"ಕೊಡಲು ನನ್ನ ಬಳಿ ಏನೂ ಇಲ್ಲ, ಅಕ್ಕ. ನನಗೆ ಗೊತ್ತಿರುವುದು ತಡೆಯುವುದೊಂದೇ. ಬೆರಳು ಒತ್ತಿದಷ್ಟು ಬಾಗಿಲು ತೆರೆಯುತ್ತೇನೆ, ಬಿಟ್ಟರೆ ಮುಚ್ಚುತ್ತೇನೆ."

ಬೇರೆ ದಾರಿ ಕಾಣದೆ ಸ್ವರದ ಡಬ್ಬಿ ಹೆಮ್ಮೆಯನ್ನು ನುಂಗಿಕೊಂಡು, ಸ್ಪೀಕರಿನ ತಂತಿಯನ್ನು ಪುಟ್ಟ ಡಬ್ಬಿಗೆ ಒಪ್ಪಿಸಿ, ತಾನು ಅದರ ಹಿಂದೆ ನಿಂತಿತು.

ಮರುದಿನ ಬಿಚ್ಚಲು ಬಂದ ಸುಭಾಷಿಣಿಯ ಬೆರಳು ಸುಮ್ಮನೆ ಸೋಕಿತು. ಸ್ವರ ಉಸಿರಿನಷ್ಟೇ ಹೊರಬಂತು. ಒತ್ತಿದಳು, ಏರಿತು. ಬಿಟ್ಟಳು, ಇಳಿಯಿತು. ಅವಳು ಸ್ಕ್ರೂಡ್ರೈವರ್ ಕೆಳಗಿಟ್ಟು ಹಾಡತೊಡಗಿದಳು.

ತನ್ನ ದನಿ ತಗ್ಗಿದಾಗ ಸ್ವರದ ಡಬ್ಬಿಗೆ ಮೊದಲ ಸಲ ಅವಳ ಹಾಡು ಕೇಳಿಸಿತು.

"ತಮ್ಮಾ, ಏನೂ ಕೊಡಲಾರೆ ಎಂದೆಯಲ್ಲ. ಇಷ್ಟು ದಿನ ಎಂಥ ಹಾಡಿನ ಜೊತೆಗಿದ್ದೆ ಎಂಬುದೇ ನನಗೆ ತಿಳಿದಿರಲಿಲ್ಲ. ನಿನ್ನ ಉಪಕಾರ ದೊಡ್ಡದು."

ಹಾಡಿನ ಮುಂದಿನ ಸಾಲು ಮೆಲುವಾಗಿತ್ತು. ಪುಟ್ಟ ಡಬ್ಬಿ ಬಾಗಿಲನ್ನು ಅರ್ಧ ಮುಚ್ಚಿತು.