ಕಾಶವ್ವ ಕೊಂಡ ಷೇರು

ನೇಕಾರರ ಊರೊಂದರಲ್ಲಿ ಕಾಶವ್ವ ಎಂಬ ಶಿವಭಕ್ತೆ ಇದ್ದಳು. ಐವತ್ತು ವರ್ಷ ಮಗ್ಗದಲ್ಲಿ ಕೂತು ಖಣ ನೇಯ್ದು, ನಲವತ್ತು ಸಾವಿರ ರೂಪಾಯಿ ಉಳಿಸಿದ್ದಳು. ಅವಳಿಗೆ ಒಂದೇ ಆಸೆ. ಆ ಗಂಟು ಕರಗಬಾರದು, ಅದರ ಫಲದಿಂದ ವರ್ಷವರ್ಷವೂ ಮಠದ ದಾಸೋಹಕ್ಕೆ ಜೋಳ ಮುಟ್ಟಬೇಕು. ತಾನು ಶಿವನ ಪಾದ ಸೇರಿದ ಮೇಲೂ ಮುಟ್ಟುತ್ತಿರಬೇಕು.

ಷೇರು ಕೊಡಿಸುವ ಗುರುಪಾದ ಲೆಕ್ಕ ಹೇಳಿದ. "ಎಣ್ಣಿ ಕಂಪನಿ ಷೇರು ಇನ್ನೂರು ರೂಪಾಯಿ, ವರ್ಷಕ್ಕ ಡಿವಿಡೆಂಡ್, ಅಂದ್ರ ಲಾಭದ ಪಾಲು, ಎಂಟು. ನೂರಕ್ಕ ನಾಲ್ಕು ಬಿತ್ತು. ನಮ್ಮೂರ ನೇಯ್ಗಿ ಗಿರಣಿ ಷೇರು ಬರೇ ಐವತ್ತು, ಡಿವಿಡೆಂಡ್ ಆರು. ನೂರಕ್ಕ ಹನ್ನೆರಡು! ಇದಕ್ಕ ಡಿವಿಡೆಂಡ್ ಯೀಲ್ಡ್ ಅಂತಾರ. ಅಲ್ಲಿ ಒಂದು ಚೀಲ ಜೋಳ, ಇಲ್ಲಿ ಮೂರು ಚೀಲ. ವಿಚಾರ ಮಾಡೂದೇನೈತಿ?"

"ಗಿರಣಿಯವರು ಹೋದ ವರ್ಷ ಎಷ್ಟು ಕೊಟ್ಟಿದ್ರಪಾ?"

"ಆಗೂ ಆರೇ."

"ಷೇರಿನ ರೇಟು?"

"ನೂರೈವತ್ತಿತ್ತು."

"ಹಂಗಾದ್ರ ಪಾಲು ಹೆಚ್ಚಾಗಿಲ್ಲ, ರೇಟು ಬಿದ್ದೈತಿ. ಯಾಕ ಬಿತ್ತು?"

"ಅಯ್ಯ ಯವ್ವಾ, ಕುಪ್ಪಸದ ಖಣ ಕೊಳ್ಳೂ ಮಂದೀನೂ ಇಷ್ಟು ಜಗ್ಗಾಡೂದಿಲ್ಲ!"

"ನೇಯ್ದಾಕಿ ನಾನು. ಎಳಿ ಎಲ್ಲಿ ಹರದೈತಿ ಅಂತ ನೋಡದ ಬಿಡೂದಿಲ್ಲ."

ಕಾಶವ್ವ ನೆಟ್ಟಗೆ ಗಿರಣಿಗೆ ನಡೆದಳು. ಗೋಡೆಯ ಪಕ್ಕದ ಕಲ್ಲಿನ ಮೇಲೆ ಕೂತು, ಕಣ್ಣು ಮುಚ್ಚಿ, ಶಿವನಾಮ ನೆನೆದು ಸುಮ್ಮನೆ ಆಲಿಸಿದಳು. ಬಹಳ ಹೊತ್ತಿನ ಮೇಲೆ ಕಾವಲುಗಾರನನ್ನು ಕರೆದು ಕೇಳಿದಳು:

"ನಲವತ್ತು ಮಗ್ಗದ ಗಿರಣಿ ಅಂತಾರ. ಒಳಗ ಹದಿನೈದರ ಸದ್ದೂ ಇಲ್ಲಲ್ಲೋ ತಮ್ಮಾ?"

ಅವನು ಕೈಮುಗಿದುಬಿಟ್ಟ. "ನಿನ್ನ ಕಿವಿಗೆ ಶರಣು ಯವ್ವಾ! ಉಳಿದವು ಲಾರಿ ಹತ್ತಿ ಹೋದ್ವು. ಮಾರಿದ ರೊಕ್ಕದಾಗ ಡಿವಿಡೆಂಡ್ ಹಂಚ್ಯಾರ."

ಎಣ್ಣೆ ಕಂಪನಿಯ ಹತ್ತು ವರ್ಷದ ವರದಿಗಳನ್ನೂ ಅವಳು ಓದಿಸಿ ಕೇಳಿದಳು. ಅದು ಗಳಿಸಿದ್ದರಲ್ಲಿ ಅರ್ಧ ಹಂಚಿ, ಅರ್ಧ ಉಳಿಸಿಕೊಳ್ಳುತ್ತ ಬಂದಿತ್ತು. ಮೂರು ಚೀಲದ ಪುಣ್ಯ ಕೈಬಿಡುವಾಗ ಅವಳ ಕಣ್ಣು ತುಂಬಿತು. ಆದರೂ ಎಣ್ಣೆ ಕಂಪನಿಯ ಷೇರನ್ನೇ ಕೊಂಡಳು.

ಮರುವರ್ಷ ಗಿರಣಿ ಬಿಡಿಗಾಸೂ ಹಂಚಲಿಲ್ಲ. ಅದರ ಷೇರು ಹತ್ತು ರೂಪಾಯಿಗೂ ಬೇಡವಾಯಿತು. ಕಾಶವ್ವನ ಜೋಳ ಮಾತ್ರ ಮಠಕ್ಕೆ ಬಂತು.

"ಒಂದ ಚೀಲ ರೀ ಅಜ್ಜಾರ," ಎಂದು ಅವಳು ಮಠದ ಸ್ವಾಮಿಗಳ ಮುಂದೆ ತಲೆ ತಗ್ಗಿಸಿದಳು.

ಸ್ವಾಮಿಗಳು ಚೀಲವನ್ನು ಎರಡೂ ಕೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡರು. "ಬರೂ ವರ್ಷಾನೂ ಬರತೈತೇನವ್ವಾ?"

"ಶಿವ ನಡೆಸಿದ್ರ ಬರತೈತ್ರಿ."

"ಹಂಗಾದ್ರ ಇದನ್ನ ಒಂದ ಚೀಲ ಅನಬ್ಯಾಡ."

ನೀತಿ: ಮಕ್ಕಳೇ, ಪಾಲು ಹೆಚ್ಚಿದರೂ ಯೀಲ್ಡ್ ಏರುತ್ತದೆ, ಷೇರಿನ ಬೆಲೆ ಕುಸಿದರೂ ಏರುತ್ತದೆ. ನೂರಕ್ಕೆ ಎಷ್ಟು ಎಂದು ಕೇಳಿದ ಮೇಲೆ, ಅದು ಎಲ್ಲಿಂದ ಬರುತ್ತಿದೆ ಎಂದೂ ಕೇಳಿ. ದುಡಿಮೆಯಿಂದ ಬಂದ ಸಣ್ಣ ಫಲವನ್ನೇ ಭಗವಂತ ಬಹುಕಾಲ ನಡೆಸುತ್ತಾನೆ.