ಒರಗಿದ ಗೋಡೆ

ಹೊಳೆದಂಡೆಯ ಆಶ್ರಮವೊಂದರಲ್ಲಿ ನಿರ್ವಾಣಯ್ಯ ಎಂಬ ಗುರುಗಳಿದ್ದರು. ಮಣ್ಣಿನ ಮನೆ ಕಟ್ಟುವುದೊಂದೇ ಅವರು ಕಲಿಸುತ್ತಿದ್ದ ವಿದ್ಯೆ. ಸೂರಿಲ್ಲದವರು ಬಂದು ಕೇಳಿದರೆ ಶಿಷ್ಯನನ್ನು ಕಳಿಸಿ ಕಟ್ಟಿಸಿಕೊಡುತ್ತಿದ್ದರು.

ಅವರ ಗುಡಿಸಲೂ ಮಣ್ಣಿನದೇ, ಹಿಂದೆ ಅವರೇ ಬಿದ್ದ ಮನೆಗಳ ಮಣ್ಣು ತಂದು ಕಟ್ಟಿದ್ದು. ಅದರೊಳಗೆ ಅವರು ಯಾವಾಗಲೂ ನಟ್ಟನಡುವೆ ಕೂಡುತ್ತಿದ್ದರು, ಬೆನ್ನಿಗೆ ಆಸರೆಯಿಲ್ಲದೆ. ಎಪ್ಪತ್ತು ದಾಟಿದ ಬೆನ್ನು ಅದು. ಶಿಷ್ಯ ಮಲ್ಹಾರಿ ಅದನ್ನು ತಪಸ್ಸು ಎಂದುಕೊಂಡಿದ್ದ.

ಒಂದು ಬೇಸಿಗೆಯ ಕೊನೆಗೆ ಕೌದಿ ಹೊಲಿಯುವ ಫಕೀರವ್ವ ಬಂದಳು. ನಾಲ್ಕು ವರ್ಷದಿಂದ ಅವಳ ಸಂಸಾರ ಹರಿದ ತಾಡಪಲ್ಲಿನ ಡೇರೆಯ ಕೆಳಗೆ. ಸಂಸಾರವೆಂದರೆ ಅವಳು ಮತ್ತು ಸದಾ ಕೆಮ್ಮುವ ಮಗಳು.

"ಇನ್ನೊಂದು ಮಳಿಗಾಲ ನನ್ನ ಮಗಳು ತಡಿಯೂದಿಲ್ರಿ ಅಜ್ಜಾರ. ಮಳಿ ಬರೂದ್ರೊಳಗ ಒಂದು ಸೂರು ಮಾಡಿಕೊಡ್ರಿ" ಎಂದಳು.

ಗುರುಗಳು ಮಲ್ಹಾರಿಯ ಕಡೆ ತಿರುಗಿದರು. "ಇದು ನಿನ್ನ ಮೊದಲನೇ ಮನಿ. ಆಚಿ ದಂಡಿ ಹಾಳೂರಾಗ ಬಿದ್ದ ಮನಿ ಮಣ್ಣು ತಾ. ಹಳೇ ಮಣ್ಣು ಬಿರಿಯೂದಿಲ್ಲ. ಆದ್ರ ಒರಗಿದ ಗೋಡಿ ಮಾತ್ರ ಮುಟ್ಟಬ್ಯಾಡ."

ಒರಗಿದ ಗೋಡೆ ಎಂದರೇನೆಂದು ಮಲ್ಹಾರಿಗೆ ಗೊತ್ತಿತ್ತು. ಹಳೆಯ ಮನೆಗಳಲ್ಲಿ ಹಿರಿಯರು ದಿನಾ ಒಂದೇ ಜಾಗದಲ್ಲಿ ಗೋಡೆಗೆ ಒರಗಿ ಕೂಡುತ್ತಾರೆ. ತಲೆಯ ಎಣ್ಣೆ ಇಳಿದು ಅಲ್ಲಿ ಕಪ್ಪು ಗುರುತು ಬೀಳುತ್ತದೆ. ಆ ಗೋಡೆಯನ್ನು ಕೆಡವಬಾರದು ಎಂಬುದು ಗುರುಗಳ ಕಟ್ಟಳೆ.

ಯಾಕೆ ಎಂದು ಅವನು ಕೇಳಲಿಲ್ಲ. ವಯಸ್ಸಾದವರಿಗೆ ಇಂಥವು ನೂರೆಂಟಿರುತ್ತವೆ ಎಂದುಕೊಂಡು ಸುಮ್ಮನಾದ.

ಅಂಬಿಗ ಸುಂಕಪ್ಪನ ಹರಿಗೋಲಿನಲ್ಲಿ ದಿನಾ ಮಣ್ಣು ಬಂತು. ಮಲ್ಹಾರಿ ಹುಲ್ಲು, ಸಗಣಿ ಕಲಸಿ ತುಳಿದು, ದಿನಕ್ಕೊಂದು ಗೇಣು ಗೋಡೆ ಏರಿಸಿದ. ಮನೆ ದುಂಡಗಿತ್ತು. ಮಾಡಿಗೆಂದು ಗುಜರಿ ಬಸ್ಸಿನ ತಗಡು ತಂದಿಟ್ಟ, ಕಿಟಕಿಗೂ ಅದೇ ಬಸ್ಸಿನ ಸರಿಯುವ ಗಾಜು.

"ನನ್ನ ಮಗಳಿಗೆ ಕಿಡಕಿ ಸೀಟು ಸಿಕ್ತು ಬಿಡು" ಎಂದು ಫಕೀರವ್ವ ನಕ್ಕಳು. ಅವಳು ನಕ್ಕದ್ದನ್ನು ಮಲ್ಹಾರಿ ನೋಡಿದ್ದು ಅದೇ ಮೊದಲು.

ಗೋಡೆ ಎದೆಮಟ್ಟ ಬಂದಾಗ ಮಣ್ಣು ಮುಗಿಯಿತು. ಮೋಡ ಕಟ್ಟತೊಡಗಿತ್ತು. ಹಾಳೂರಿನಲ್ಲಿ ಉಳಿದಿದ್ದದ್ದು ಒಂದೇ ಗೋಡೆ, ಅದರ ಮೇಲೆ ಕಪ್ಪು ಗುರುತು. ಮಲ್ಹಾರಿಗೆ ಆ ಹುಡುಗಿಯ ಕೆಮ್ಮು ನೆನಪಾಯಿತು. ಗುದ್ದಲಿ ಎತ್ತಿದ.

ಮನೆ ಮುಗಿಯಿತು. ಮೂರನೆಯ ದಿನ ಮಟಮಟ ಮಧ್ಯಾಹ್ನ ಒಳಗೋಡೆಯ ಮೇಲೆ ಅಂಗೈಯಗಲ ಕಪ್ಪು ಮೂಡಿತ್ತು.

ಅವನು ಕೆರೆದು ಮೆತ್ತಿದ. ಮರುದಿನ ಮತ್ತೆ ಮೂಡಿತು. ಸುಣ್ಣ ಬಳಿದ. ಸಂಜೆಯೊಳಗೆ ಸುಣ್ಣದ ಮೇಲೂ ಬಂತು. ಮುಟ್ಟಿದರೆ ಬೆಚ್ಚಗಿತ್ತು. ಬೆರಳಿಗೆ ಹರಳೆಣ್ಣೆ ಅಂಟಿತು.

ಅವನನ್ನು ನಡುಗಿಸಿದ್ದು ಇನ್ನೊಂದು. ಕೊನೆಯ ಗೋಡೆಯ ಮಣ್ಣನ್ನು ಅವನು ಹಾಕಿದ್ದು ಎದೆಮಟ್ಟದ ಮೇಲೆ. ಗುರುತು ಮೂಡಿದ್ದು ಕೆಳಗೆ, ಕೂತವರ ತಲೆಯ ಮಟ್ಟದಲ್ಲಿ.

ಅವನು ಗುರುಗಳ ಬಳಿಗೆ ಓಡಿದ. "ಹೊಸಾ ಮನಿ ಗೋಡಿ ಕೆಡವಿ ಮತ್ತ ಕಟ್ಟತೀನ್ರಿ."

"ಮಳಿ ನಿನಗ ಕಾಯತದೇನು?"

ಮಲ್ಹಾರಿ ತಲೆ ತಗ್ಗಿಸಿದ. ಆಮೇಲೆ ಇದ್ದದ್ದನ್ನು ಇದ್ದಹಾಗೆ ಹೇಳಿದ.

"ಹಂಗಾರ ಆ ಗೋಡಿಗೆ ಒರಗತಿದ್ದವರು ಈಗ ಎಲ್ಲಿ ಕುಂಡ್ರಬೇಕು?" ಎಂದರು ಗುರುಗಳು.

"ಅಲ್ಲಿ ಯಾರೂ ಇಲ್ರಿ."

"ಹೋಗಿ ನೋಡಿ ಬಾ."

ಸುಂಕಪ್ಪ ಅವನನ್ನು ಆಚೆ ದಂಡೆಗೆ ಬಿಟ್ಟು ಹರಿಗೋಲಿನಲ್ಲೇ ಕಾದ. ಮಧ್ಯಾಹ್ನದ ಬಿಸಿಲು. ಒಂದು ಹಕ್ಕಿಯ ಸದ್ದೂ ಇರಲಿಲ್ಲ. ಗೋಡೆಯಿದ್ದ ಜಾಗದಲ್ಲಿ ಬರೀ ನೆಲ. ಸುತ್ತ ಒಣಗಿದ ಎಲೆಗಳು ಬಿದ್ದಿದ್ದವು. ಒಬ್ಬರು ಕೂಡುವಷ್ಟು ಜಾಗದಲ್ಲಿ ಮಾತ್ರ ಒಂದೂ ಎಲೆಯಿರಲಿಲ್ಲ.

ಯಾರಿಗೆ ಹೇಳುತ್ತಿದ್ದೇನೆಂದು ತಿಳಿಯದಿದ್ದರೂ ಮಲ್ಹಾರಿ ಕೈಮುಗಿದು ಹೇಳಿದ. "ತಪ್ಪಾತ್ರಿ. ನಿಮ್ಮ ಗೋಡಿ ಈಗ ಹೊಳಿ ದಾಟಿ ಆ ದಂಡಿಯಾಗ ಐತಿ. ಅಲ್ಲಿಗೇ ಬರ್ರಿ."

ಅವನು ಬಂದು ಹರಿಗೋಲು ಹತ್ತಿದ. ಹರಿಗೋಲು ಅವನ ಭಾರಕ್ಕೆ ತಗ್ಗಿತು. ಸುಂಕಪ್ಪ ಹುಟ್ಟು ಹಾಕದೆ ಕೂತೇ ಇದ್ದ. ಸ್ವಲ್ಪ ಹೊತ್ತಿಗೆ ಹರಿಗೋಲು ಇನ್ನೊಂದು ಸಲ ತಗ್ಗಿತು.

"ಚೂರು ಸರದು ಕುಂಡ್ರಪಾ" ಎಂದ ಸುಂಕಪ್ಪ, ದಿನಾ ಹೇಳುವವನ ಹಾಗೆ. "ಅವ್ವಗ ಕಾಲು ಚಾಚಾಕ ಜಾಗಾ ಬೇಕು."

ಮಲ್ಹಾರಿ ಸರಿದು ಕೂತ. ದಂಡೆ ಮುಟ್ಟುವವರೆಗೂ ಆ ಕಡೆ ತಿರುಗಲಿಲ್ಲ.

ಫಕೀರವ್ವ ಹೊಸ ಮನೆಯ ಮುಂದೆ ಗಂಟುಮೂಟೆ ಇಳಿಸಿಕೊಂಡು ನಿಂತಿದ್ದಳು. ಮಗಳು ಗಂಟಿನ ಮೇಲೆ ಕೂತು ಕೆಮ್ಮುತ್ತಿದ್ದಳು. ಮಲ್ಹಾರಿಗೆ ಸುಳ್ಳು ಹೇಳುವ ಆಸೆಯಾಯಿತು. ಅವಳು ಒಲ್ಲೆ ಎಂದರೆ ಆ ಮಗುವಿಗೆ ಮತ್ತೆ ತಾಡಪಲ್ಲೇ ಗತಿ. ಆದರೂ ಅವನು ಎಲ್ಲವನ್ನೂ ಹೇಳಿದ, ಹರಿಗೋಲು ಎರಡು ಸಲ ತಗ್ಗಿದ್ದನ್ನೂ.

ಬಸ್ಸಿನ ತಗಡಿನ ಮೇಲೆ ಮೊದಲ ಹನಿಗಳು ಟಪಟಪ ಬಿದ್ದವು.

ಫಕೀರವ್ವ ಮಗಳ ಕೈಹಿಡಿದು ಒಳಗೆ ಹೋದಳು. ಗುರುತಿನ ಮುಂದೆ ನಿಂತು ನೋಡಿದಳು. ಗಂಟಿನಿಂದ ಒಳ್ಳೆಯದೊಂದು ಕೌದಿ ತೆಗೆದು, ಮಡಚಿ, ಗುರುತಿನ ಕೆಳಗೆ ಹಾಸಿದಳು.

"ನಾಕು ವರ್ಷ ಒರಗಾಕ ಗೋಡಿ ಇಲ್ದಾಕಿ ನಾನು" ಎಂದಳು. "ಆ ಬ್ಯಾನಿ ನನಗ ಗೊತ್ತೈತಿ. ಕುಂಡ್ರಲಿ, ಪಾಪ."

ಮಳೆ ಜಡಿಯಿತು. ಒಳಗೆ ಒಂದು ಹನಿಯೂ ಸೋರಲಿಲ್ಲ. ಹುಡುಗಿ ಬಸ್ಸಿನ ಗಾಜಿನ ಕೆಳಗೆ ಮಲಗಿ ನಿದ್ದೆಹೋದಳು. ಮಲ್ಹಾರಿ ಹೊರಡುವಾಗ ಒಮ್ಮೆ ಹಿಂದಿರುಗಿ ನೋಡಿದ. ಹಾಸಿದ ಕೌದಿ ನಡುವೆ ತಗ್ಗಾಗಿತ್ತು.

ಅವನು ತೊಯ್ದು ತೊಪ್ಪೆಯಾಗಿ ಗುರುಗಳ ಗುಡಿಸಲಿಗೆ ಬಂದ. ಕುಸಿದು ಕೂತು ಗೋಡೆಗೆ ಒರಗಿದ. ಇಷ್ಟು ವರ್ಷ ಗುರುಗಳ ಎದುರು ಅವನು ಹಾಗೆ ಒರಗಿದ್ದೇ ಇರಲಿಲ್ಲ.

"ಆಕಿ ಒಪ್ಪಿಕೊಂಡಳ್ರಿ" ಎಂದ. "ಆದ್ರ ಒಂದು ತಿಳೀಲಿಲ್ಲ. ಈ ಕಟ್ಟಳೆ ನಿಮಗ ಯಾರು ಕಲಿಸಿದ್ರು?"

ನಿರ್ವಾಣಯ್ಯನವರು ಎಂದಿನಂತೆ ನಡುವೆ ಕೂತಿದ್ದರು.

ಮಲ್ಹಾರಿಯ ತಲೆಯ ಹಿಂದೆ ಗೋಡೆ ಬೆಚ್ಚಗಿತ್ತು. ಹರಳೆಣ್ಣೆಯ ವಾಸನೆ ಬಂತು.

ಅವನು ಗೋಡೆಗಳನ್ನು ಸುತ್ತಲೂ ನೋಡಿದ. ಇಷ್ಟು ದಿನ ಒಲೆಯ ಮಸಿ ಎಂದುಕೊಂಡಿದ್ದ ಕಪ್ಪು ಗುರುತುಗಳನ್ನು ಒಂದೊಂದಾಗಿ ನೋಡಿದ. ಎಲ್ಲವೂ ಕೂತವರ ತಲೆಯ ಮಟ್ಟದಲ್ಲಿದ್ದವು. ಬಾಗಿಲ ಪಕ್ಕದ್ದೊಂದು ಮಾತ್ರ ತೀರಾ ಕೆಳಗಿತ್ತು, ಮಗುವಿನ ತಲೆಯಷ್ಟು ಎತ್ತರದಲ್ಲಿ.

"ಈಚಿ ಸರದು ಕುಂಡ್ರು ಮಲ್ಹಾರಿ" ಎಂದರು ಗುರುಗಳು ಮೆಲ್ಲಗೆ. "ನಡುವ ಇನ್ನೊಬ್ಬರಿಗೆ ಜಾಗಾ ಐತಿ."